ಕನ್ನಡ ಕೊಠಡಿಯಲ್ಲಿ ಸೋಗುಭಾವ ಮಾಪನ

ಪ್ರಪಂಚದ ಸಮಸ್ತ ಜನಾಂಗಗಳ ಪೈಕಿ ‘ನಾನು ನಕಲಿ’ ಎಂಬ ಭಾವನೆ ಅತ್ಯಧಿಕ ಪ್ರಮಾಣದಲ್ಲಿರುವುದು ಕನ್ನಡಿಗರಲ್ಲಿ ಎಂಬ ಸಂಗತಿ 1987ರ ಮೇ ತಿಂಗಳಲ್ಲಿ, ನಾಗಪುರದ ಸಿವಿಲ್ ಲೈನ್ಸಿನಲ್ಲಿದ್ದ ಮಧ್ಯ ಭಾರತ ಮನೋಮಾಪನ ಸಂಸ್ಥೆಯಲ್ಲಿ ಸಿದ್ಧವಾಯಿತು. ಈ ಸಂಶೋಧನೆಯಲ್ಲಿ ಭಾಗವಹಿಸಿದ ಕನ್ನಡಿಗರಲ್ಲಿ ಒಬ್ಬನನ್ನು ಬಿಟ್ಟು ಉಳಿದ ಯಾರಿಗೂ ಕನ್ನಡ ಬರುತ್ತಿರಲಿಲ್ಲ ಎಂದು ಕೆಲವರು ಆಡಿಕೊಳ್ಳುತ್ತಾರೆ. ತೊಂದರೆಯಾದದ್ದು ಆ ಒಬ್ಬನಿಂದಲೇ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ಆದಕಾರಣ, ಸಂಶೋಧನೆಯ ಭಾಷಾತಜ್ಞನಾಗಿ ನಿಜಸ್ಥಿತಿಯನ್ನು ತಿಳಿಸುವುದು ನನ್ನ ಕರ್ತವ್ಯವಾಗಿದೆ.

ನನ್ನ ಹೆಸರು ವಾಮನರಾವ್. ಊರು ನಂಜನಗೂಡಿನ ಕಡೆ. ರೈಲ್ವೆಯ ಗೂಡ್ಸ್ ಕ್ಲೇಮ್ಸ್ ವಿಭಾಗದಲ್ಲಿ, ಅಂದರೆ ದಾರಿಯಲ್ಲಿ ಕಳೆದುಹೋದ ಮೂಟೆಗಳು ಕಳೆದೇ ಹೋಗಿಲ್ಲವೆಂದು ಉತ್ತರ ಬರೆಯುವ ವಿಭಾಗದಲ್ಲಿ, ಇಡೀ ಆಯುಷ್ಯ ಸವೆಸಿ ನಿವೃತ್ತನಾಗಿ ನಾಗಪುರದ ಸದರ್ ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದೆ. ನಾಗಪುರ ಕನ್ನಡ ಸ್ನೇಹ ಮಂಡಳಿಗೆ ಕಾರ್ಯದರ್ಶಿಯೂ ನಾನೇ. ಮನಶ್ಶಾಸ್ತ್ರ ನನಗೆ ತಿಳಿಯದು ಎಂದು ಸಂಸ್ಥೆಯ ನಿರ್ದೇಶಕರಾದ ವೈರಾಗಡೆ ಸಾಹೇಬರಿಗೆ ಮೊದಲ ದಿನವೇ ಹೇಳಿದ್ದೆ. ತಜ್ಞರಿಗೆ ಅದರ ಅವಶ್ಯಕತೆ ಇಲ್ಲವೆಂದು ಅವರು ಧೈರ್ಯ ತುಂಬಿದರು.

ಆಗಿದ್ದಿಷ್ಟು. ಕಡಲಾಚೆಯ ಒಂದು ವಿಶ್ವವಿದ್ಯಾಲಯದವರು ಹೊಸದೊಂದು ಭಾವನೆಯನ್ನು ಪತ್ತೆ ಹಚ್ಚಿ, ಅದು ಯಾವ ಯಾವ ಸಂಸ್ಕೃತಿಯಲ್ಲಿ ಎಷ್ಟೆಷ್ಟಿದೆ ಎಂದು ಅಳೆಯಲು ಹೊರಟಿದ್ದರು. ಒಬ್ಬ ಮನುಷ್ಯ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿರುತ್ತಾನೆ. ಆದರೂ ಒಳಗೊಳಗೇ ಅವನಿಗೆ, ತಾನು ಈ ಕುರ್ಚಿಗೆ ಯೋಗ್ಯನಲ್ಲ, ಏನೋ ಅದೃಷ್ಟದಿಂದ ಕೂತಿದ್ದೇನೆ, ಒಂದಲ್ಲ ಒಂದು ದಿನ ಯಾರೋ ಬಂದು ನನ್ನ ಬಣ್ಣ ಬಯಲು ಮಾಡುತ್ತಾರೆ ಎಂಬ ಹೆದರಿಕೆ. ಇದಕ್ಕೆ ನಾನು ‘ಸೋಗುಭಾವ’ ಎಂದು ಹೆಸರಿಟ್ಟೆ. ಹೆಸರು ಸಾಹೇಬರಿಗೂ ಮೆಚ್ಚುಗೆಯಾಯಿತು. ಆದರೆ ಭಾವನೆಯ ವಿವರಣೆ ಕೇಳಿ ಅವರು ಚಿಂತೆಗೆ ಬಿದ್ದರು.

“ಚೆನ್ನಾಗಿ ಕೆಲಸ ಮಾಡೋನಿಗೆ ಬರೋ ರೋಗ ಅಂತೀರಿ ರಾವ್ ಸಾಹೇಬ್,” ಎಂದರು ಹಿಂದಿಯಲ್ಲಿ. “ಹಾಗಿದ್ದರೆ ನಮ್ಮ ಆಫೀಸಿನಲ್ಲಿ ಯಾರಿಗೆ ಅಂತ ಅಳೆಯೋಣ?”

ಅಳೆಯದೆ ವಿಧಿಯಿರಲಿಲ್ಲ. ಅನುದಾನ ಮಂಜೂರಾಗಿತ್ತು. ಮರಾಠಿ, ಹಿಂದಿ, ಕನ್ನಡ, ಈ ಮೂರೂ ಸಂಸ್ಕೃತಿಗಳನ್ನು ತಮ್ಮ ಸಿಬ್ಬಂದಿಯಲ್ಲೇ ಅಳೆದು ಕಳಿಸುವುದಾಗಿ ಸಂಸ್ಥೆ ಒಪ್ಪಿಕೊಂಡಿತ್ತು. ಒಪ್ಪಿಕೊಳ್ಳುವಾಗ ಸಿಬ್ಬಂದಿಯಲ್ಲಿ ಕನ್ನಡಿಗರು ಎಷ್ಟು ಮಂದಿ ಎಂದು ಯಾರೂ ನೋಡಿರಲಿಲ್ಲ. ಇದ್ದವನು ಒಬ್ಬನೇ, ಬಸವಂತ ಎಂಬ ಅಂಕಿಅಂಶ ಸಹಾಯಕ, ಗುಲ್ಬರ್ಗಾದವನು.

ಈ ಬಸವಂತನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಲೆಕ್ಕದಲ್ಲಿ ಚುರುಕು, ನಡತೆಯಲ್ಲಿ ನೆಟ್ಟಗೆ. ಇಂಥವರನ್ನು ಸಹಿಸುವುದು ಕಷ್ಟ. ಹಿಂದಿನ ವರ್ಷ ನಮ್ಮ ಮಂಡಳಿಯ ರಾಜ್ಯೋತ್ಸವದಲ್ಲಿ ನನ್ನ ಭಾಷಣ ಹೇಗಿತ್ತೆಂದು ನಾನಾಗಿಯೇ ಕೇಳಿದ್ದಕ್ಕೆ “ಉದ್ದ ಆಯ್ತ್ರಿ” ಎಂದಿದ್ದ. ಅವನ ಹೆಂಡತಿ ಕಾಶಿಬಾಯಿ ಗುಲ್ಬರ್ಗಾದ ಸರ್ಕಾರಿ ಶಾಲೆಯಲ್ಲಿ ಕನ್ನಡ ಟೀಚರು. ಅವನು ಇಲ್ಲಿ, ಆಕೆ ಅಲ್ಲಿ. ಆಕೆಗೆ ರಜೆ ಬಂದಾಗ ಎರಡು ಕಡೆ ಗಾಡಿ ಬದಲಿಸಿ ನಾಗಪುರಕ್ಕೆ ಬರುತ್ತಿದ್ದರು. ಮದುವೆಯಾದಾಗಿನಿಂದ ಅವರ ಸಂಸಾರ ನಡೆದದ್ದು ಮೇ ತಿಂಗಳಲ್ಲಿ ಮಾತ್ರ.

ಆ ವರ್ಷ ಸಂಸ್ಥೆಯವರು ಗುಲ್ಬರ್ಗಾದಲ್ಲಿ ಒಂದು ಶಾಖೆ ತೆರೆಯಲಿದ್ದರು. ಅಲ್ಲಿಯ ಅಧಿಕಾರಿಯ ಹುದ್ದೆ ಕನ್ನಡಿಗನಿಗೇ ಎಂದು ನಿಗದಿಯಾಗಿತ್ತು. ಇರುವ ಕನ್ನಡಿಗ ಒಬ್ಬನೇ ಆದ್ದರಿಂದ ಹುದ್ದೆ ತನಗೇ ಎಂದು ಬಸವಂತ ನಂಬಿದ್ದ. ಕಾಶಿಬಾಯಿ ಆ ಸಲ ಬಂದವರೇ ಅವನ ಪಾತ್ರೆ ಪಡಗ ಗೋಣಿಚೀಲಕ್ಕೆ ತುಂಬತೊಡಗಿದ್ದರು.

ಇನ್ನು ಸಂಶೋಧನೆಯ ನಿಯಮಗಳು. ಸರ್ಕಾರಿ ನೌಕರನು ತನ್ನ ಭಾವನೆಗಳನ್ನು ನೇರವಾಗಿ ಪರದೇಶಕ್ಕೆ ಕಳುಹಿಸುವಂತಿಲ್ಲವಾದ್ದರಿಂದ, ಪ್ರತಿಯೊಬ್ಬನ ಭಾವನೆಗೂ ಅವನ ಮೇಲಧಿಕಾರಿಯ ರುಜು ಇರತಕ್ಕದ್ದು ಎಂದು ಸುತ್ತೋಲೆ ಹೊರಟಿತು. ಒಬ್ಬ ಗುಮಾಸ್ತನಿಗೆ ಒಂದು ಭಾವನೆ ಇದ್ದು, ಅದು ಇಲ್ಲವೆಂದು ಮೇಲಧಿಕಾರಿ ಅಭಿಪ್ರಾಯಪಟ್ಟಲ್ಲಿ ಮೇಲಧಿಕಾರಿಯ ಅಭಿಪ್ರಾಯವೇ ಅಂತಿಮ. ಭಾವನೆ ಸ್ಥಿರವಾಗಿದೆಯೋ ಇಲ್ಲವೋ ತಿಳಿಯಲು ಅದೇ ಪ್ರಶ್ನೆಗಳನ್ನು ಇಡೀ ತಿಂಗಳು ಪ್ರತಿದಿನ ಕೇಳತಕ್ಕದ್ದು. ಇಷ್ಟು ನಮ್ಮವರು ಮಾಡಿಕೊಂಡದ್ದು. ಪರದೇಶದವರು ಹಾಕಿದ್ದ ಷರತ್ತು ಒಂದೇ. ಸೆಖೆಯಲ್ಲಿ ಬೆಂದವನು ಸಿಟ್ಟಿನಲ್ಲಿ ಏನಾದರೂ ಉತ್ತರ ಕೊಡಬಹುದಾದ್ದರಿಂದ, ಪ್ರತಿಯೊಬ್ಬನನ್ನೂ ಅವನ ನಾಡಿನಲ್ಲಿ ಸಾಮಾನ್ಯವಾಗಿರುವ ಉಷ್ಣಾಂಶದಲ್ಲೇ ಕೂರಿಸಿ ಪ್ರಶ್ನಿಸಬೇಕು ಎಂಬುದು.

ನಾಗಪುರದ ಮೇ ತಿಂಗಳನ್ನು ಕಂಡವರಿಗೆ ಈ ಷರತ್ತಿನ ತೂಕ ತಿಳಿಯುತ್ತದೆ. ಬೆಳಿಗ್ಗೆ ಹನ್ನೊಂದರ ಮೇಲೆ ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಕಚೇರಿಯಲ್ಲಿ ಕೂಲರ್ ಇದ್ದದ್ದು ಸಾಹೇಬರ ಕೋಣೆಯಲ್ಲಿ ಮಾತ್ರ. ಒಂದು ನಾಡಿನ ಉಷ್ಣಾಂಶವೆಂದರೆ ಅದರ ರಾಜಧಾನಿಯ ಉಷ್ಣಾಂಶ ಎಂದು ಹೆಡ್ ಕ್ಲಾರ್ಕ್ ಸಾಲ್ಪೇಕರ್ ಟಿಪ್ಪಣಿ ಬರೆದರು. ಅದರಂತೆ ಮರಾಠಿಗರಿಗೆ ಬೊಂಬಾಯಿಯ ಸಮುದ್ರದ ಗಾಳಿ ಕೊಡಬೇಕಾಗುತ್ತದಲ್ಲ ಎಂಬ ತಕರಾರು ಬಂತು. ನಾಗಪುರವೂ ಚಳಿಗಾಲಕ್ಕೆ ರಾಜಧಾನಿಯೇ ಆದ್ದರಿಂದ ಮರಾಠಿಗರು ಇದ್ದಲ್ಲೇ ಇರತಕ್ಕದ್ದು ಎಂದು ಇತ್ಯರ್ಥವಾಯಿತು. ಹಿಂದಿಯವರಿಗೆ ದಿಲ್ಲಿಯ ಸೆಖೆ. ಅದನ್ನು ಬೇರೆಯಾಗಿ ಏರ್ಪಡಿಸುವ ಪ್ರಮೇಯ ಬೀಳಲಿಲ್ಲ. ಉಳಿದದ್ದು ಕನ್ನಡ. ಅದರ ರಾಜಧಾನಿ ಬೆಂಗಳೂರು. ಕೂಡಲೇ ಅನುದಾನದಿಂದ ಎರಡು ದೊಡ್ಡ ಕೂಲರ್ ಖರೀದಿಸಿ, ಲಾವಂಚದ ತಡಿಕೆ ಕಟ್ಟಿಸಿ, ಹಿಂಬದಿಯ ಹಾಲಿಗೆ ‘ಕನ್ನಡ ಕೊಠಡಿ’ ಎಂಬ ಬೋರ್ಡು ಹಾಕಿದರು.

ಬೋರ್ಡು ಹಾಕಿದ ಮಾರನೆಯ ಬೆಳಿಗ್ಗೆ ಸಾಲ್ಪೇಕರ್ ನನ್ನ ಮನೆ ಬಾಗಿಲಲ್ಲಿ ಕಿತ್ತಳೆಯ ಸಂತ್ರಾ ಬರ್ಫಿಯ ಪೊಟ್ಟಣ ಹಿಡಿದು ನಿಂತಿದ್ದರು. ತಾವು ಬಹಳ ದಿನದಿಂದ ಕನ್ನಡಿಗರೆಂದೂ, ಹೇಳಿಕೊಳ್ಳುವ ಸಂದರ್ಭ ಬಂದಿರಲಿಲ್ಲವೆಂದೂ ಮರಾಠಿಯಲ್ಲಿ ತಿಳಿಸಿದರು.

“ಆಧಾರ ಏನು?” ಎಂದೆ.

“ಬೆಳಗಾವಿ ನಮ್ಮದು ಅಂತ ನಮ್ಮವರು ಹೇಳ್ತಾರೋ ಇಲ್ಲವೋ?”

“ಹೇಳುತ್ತಾರೆ.”

“ಬೆಳಗಾವಿಯಲ್ಲಿ ಕನ್ನಡ ಇದೆಯೋ ಇಲ್ಲವೋ?”

“ಇದೆ.”

“ಊರು ನಮ್ಮದಾದಮೇಲೆ ಅಲ್ಲಿರೋ ಕನ್ನಡವೂ ನಮ್ಮದೇ ಅಲ್ಲವೇ ರಾವ್ ಸಾಹೇಬ್?”

ವಾದದಲ್ಲಿ ಹುರುಳಿತ್ತು, ಬರ್ಫಿಯೂ ತಾಜಾ ಇತ್ತು. ಆದರೂ ನಾನು ಕಟ್ಟುನಿಟ್ಟಿನ ಮನುಷ್ಯ. ಮಂಡಳಿಯ ಚಂದಾ ಕಟ್ಟಿಸಿಕೊಂಡು, “ನಮಸ್ಕಾರ, ಊಟ ಆಯ್ತಾ” ಎಂಬುದನ್ನು ತಡವರಿಸದೆ ಹೇಳಿದ ಮೇಲೆಯೇ ಅವರು ಕನ್ನಡಿಗರೆಂದು ಪ್ರಮಾಣಪತ್ರ ಕೊಟ್ಟೆ. ಆ ವಾರ ನಮ್ಮ ಮನೆಯ ಮುಂದೆ ಸಾಲು ನಿಂತಿತು. ಟೈಪಿಸ್ಟ್ ಬಾಯಿಯವರು ಉಡುಪಿ ಹೋಟೆಲಿನಲ್ಲಿ ತಿಂಡಿ ತಿನ್ನುವ ಅಭ್ಯಾಸವುಳ್ಳವರಾಗಿದ್ದರು. ಸ್ಟೋರ್ಸಿನ ಬಾಬು ಒಮ್ಮೆ ಮೈಸೂರಿನ ಮೇಲೆ ಹಾದು ಊಟಿಗೆ ಹೋಗಿದ್ದರು. ಎಲ್ಲರನ್ನೂ ಅರ್ಹತೆಯ ಮೇಲೆಯೇ ಪರಿಶೀಲಿಸಿದೆ. ಜಾತ್ಯತೀತವಾಗಿ, ಭಾಷಾತೀತವಾಗಿ ನಮ್ಮ ಮಂಡಳಿ ಅಷ್ಟು ಬೆಳೆದದ್ದು ಹಿಂದೆಂದೂ ಇಲ್ಲ. ಕನ್ನಡದ ಬಗ್ಗೆ ಹೊರನಾಡಿನಲ್ಲಿ ಅಭಿಮಾನವಿಲ್ಲ ಎನ್ನುವವರು ಆಗ ಬಂದು ನೋಡಬೇಕಿತ್ತು.

ಕನ್ನಡ ಕೊಠಡಿ ತುಂಬಿತು. ಪ್ರಶ್ನಾವಳಿ ಕನ್ನಡದಲ್ಲಿದ್ದದ್ದರಿಂದ ಉತ್ತರಿಸುವವರ ಅನುಕೂಲಕ್ಕಾಗಿ ನಾನು ಪ್ರತಿಯೊಂದನ್ನೂ ಹಿಂದಿಯಲ್ಲಿ ವಿವರಿಸುತ್ತಿದ್ದೆ. ‘ನಾನು ಈ ಜಾಗದಲ್ಲಿ ಕೂರಲು ಅರ್ಹನಲ್ಲ ಎಂದು ನನಗೆ ಅನ್ನಿಸುತ್ತದೆ.’ ತಣ್ಣನೆ ಗಾಳಿಗೆ ಮುಖವೊಡ್ಡಿಕೊಂಡು ಎಲ್ಲರೂ ಒಂದು ಕ್ಷಣ ಯೋಚಿಸಿ ‘ಯಾವಾಗಲೂ’ ಎಂಬುದಕ್ಕೆ ಗುರುತು ಹಾಕಿದರು. ‘ನನ್ನ ನಿಜ ಬಣ್ಣ ಒಂದು ದಿನ ಬಯಲಾಗುತ್ತದೆ ಎಂದು ಹೆದರುತ್ತೇನೆ.’ ಯಾವಾಗಲೂ. ‘ಜನ ನನ್ನನ್ನು ಏನೆಂದು ತಿಳಿದಿದ್ದಾರೋ ಅದು ನಾನಲ್ಲ.’ ಯಾವಾಗಲೂ. ಆ ಕಚೇರಿಯ ಸಿಬ್ಬಂದಿ ಸೇವೆಗೆ ಸೇರಿದ ಮೇಲೆ ಇಷ್ಟು ಪ್ರಾಮಾಣಿಕವಾಗಿ ತುಂಬಿದ ಕಾಗದ ಬೇರೊಂದಿಲ್ಲ. ವೈರಾಗಡೆ ಸಾಹೇಬರು ಪ್ರತಿಯೊಂದಕ್ಕೂ ‘ಭಾವನೆ ಇರುತ್ತದೆ’ ಎಂದು ರುಜು ಹಾಕಿದರು.

ಬಸವಂತ ಮಾತ್ರ ಒಳಗೆ ಬರಲಿಲ್ಲ. ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ವರಾಂಡದಲ್ಲಿ ಕೂತು ತನ್ನ ಕೆಲಸವನ್ನೂ, ಕನ್ನಡ ಕೊಠಡಿ ಸೇರಿದವರ ಕೆಲಸವನ್ನೂ ಮಾಡುತ್ತಿದ್ದ. ಒಳಗೆ ಬಾರಯ್ಯ ಎಂದು ನಾನೇ ಹೋಗಿ ಕರೆದೆ.

“ನಿಯಮ ನೀವೇ ಓದಿ ಹೇಳೀರಲ್ರಿ ರಾಯರ. ಅವರವರ ಊರಿನ ಬಿಸಲಾಗ ಕೂಡಬೇಕಂತ. ನಮ್ಮ ಗುಲ್ಬರ್ಗಾದಾಗ ಭಿ ಬಿಸಲ ಹಿಂಗೇ ಇರ್ತದ್ರಿ. ನಾ ಹೊರಗೇ ಬರೋಬರ್ ಇದ್ದೀನಿ.”

ಅಲ್ಲೇ ಕೂತು ಉತ್ತರ ಬರೆದ. ‘ನನ್ನ ಯಶಸ್ಸು ಕೇವಲ ಅದೃಷ್ಟದಿಂದ’ ಎಂಬಲ್ಲಿ ‘ಅಲ್ಲ, ಓದಿ ಪಾಸಾಗಿದ್ದೇನೆ’ ಎಂದು. ‘ನನ್ನ ಬಣ್ಣ ಬಯಲಾಗುತ್ತದೆಂಬ ಹೆದರಿಕೆ’ ಎಂಬಲ್ಲಿ ‘ಬಣ್ಣ ಹಚ್ಚಿಕೊಂಡಿಲ್ಲ’ ಎಂದು. ಇಂಥ ಒರಟು ಉತ್ತರಗಳಿಗೆ ರುಜು ಹಾಕಲು ಸಾಲ್ಪೇಕರ್ ಬಹಳ ಸಂಕೋಚಪಟ್ಟರು.

ತಿಂಗಳ ಕೊನೆಗೆ ಫಲಿತಾಂಶ ಹೊರಬಿತ್ತು. ನೂರಕ್ಕೆ ಮರಾಠಿ ಸಂಸ್ಕೃತಿ ಹದಿನಾಲ್ಕು, ಹಿಂದಿ ಹನ್ನೆರಡು, ಕನ್ನಡ ತೊಂಬತ್ತಾರು. ಕಡಲಾಚೆಯಿಂದ ಅಭಿನಂದನೆಯ ತಂತಿ ಬಂತು. ಇಷ್ಟು ಆಳವಾದ ಸೋಗುಭಾವವನ್ನು ತಾವು ಭೂಮಂಡಲದಲ್ಲೇ ಕಂಡಿಲ್ಲವೆಂದೂ, ಕನ್ನಡಿಗರ ವಿನಯಕ್ಕೆ ತಲೆಬಾಗುತ್ತೇವೆಂದೂ, ತೊಂಬತ್ತಾರನ್ನೇ ಕನ್ನಡ ಸಂಸ್ಕೃತಿಯ ಪ್ರಮಾಣವೆಂದು ಅಂಗೀಕರಿಸಿದ್ದೇವೆಂದೂ ಅದರಲ್ಲಿತ್ತು. ಓದುವಾಗ ನನ್ನ ಕಣ್ಣು ಒದ್ದೆಯಾಯಿತು. ಎಷ್ಟಾದರೂ ತಾಯ್ನುಡಿ.

ಅಂಕಿಗಳನ್ನು ಮತ್ತೊಮ್ಮೆ ನೋಡುವಾಗ ಒಂದು ಕಾಗದ ಹೊರಗೆ ನಿಂತಿತು. ಬಸವಂತನಿಗೆ ಬಂದದ್ದು ಹನ್ನೊಂದು. ತೊಂಬತ್ತಾರರ ಸಂಸ್ಕೃತಿಯಲ್ಲಿ ಹನ್ನೊಂದರ ಮನುಷ್ಯ ಇರಲು ಸಾಧ್ಯವಿಲ್ಲವೆಂದು ವಿಜ್ಞಾನ ಹೇಳುತ್ತದೆ. ಬಸವಂತ ಕನ್ನಡಿಗನೆಂಬುದು ಸಂಶಯಾಸ್ಪದವಾಗಿದ್ದು, ಏಕೆ ಅವನನ್ನು ಗುಲ್ಬರ್ಗಾ ಹುದ್ದೆಗೆ ಅನರ್ಹನೆಂದು ಪರಿಗಣಿಸಬಾರದು ಎಂದು ಸಂಸ್ಥೆ ಅವನಿಗೆ ಕಾರಣ ಕೇಳಿತು.

ವಿಚಾರಣೆ ಕನ್ನಡ ಕೊಠಡಿಯಲ್ಲೇ ನಡೆಯಿತು. ವೈರಾಗಡೆ ಸಾಹೇಬರು ಅಧ್ಯಕ್ಷರು, ಕನ್ನಡಿಗರ ಪರವಾಗಿ ಸಾಲ್ಪೇಕರ್, ಎರಡೂ ಕಡೆಯ ಮಾತನ್ನು ತಿರುಗಿಸಿ ಹೇಳುವ ತಜ್ಞನಾಗಿ ನಾನು.

“ನಾ ಕನ್ನಡದವನೇ ಅದೀನ್ರಿ,” ಎಂದ ಬಸವಂತ. “ನಮ್ಮಪ್ಪ ಕನ್ನಡ, ನಮ್ಮವ್ವ ಕನ್ನಡ. ನಾ ಈಗ ಮಾತಾಡ್ಲಕತ್ತಿದ್ದು ಯಾವ ಭಾಷಾದಾಗ್ರಿ ಮತ್ತ?”

ಸಾಹೇಬರು ನನ್ನ ಕಡೆ ನೋಡಿದರು. ನನಗೆ ಮಂಡಳಿಯ ರಾಜ್ಯೋತ್ಸವ ನೆನಪಾಯಿತು. ನಂಜನಗೂಡಿನಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲವೆಂದು ನಿಷ್ಪಕ್ಷಪಾತವಾಗಿ ತಿಳಿಸಿದೆ.

“ಈ ಕೊಠಡಿಯಾಗ ಕುಂತವರು ಕನ್ನಡದವರೇನ್ರಿ? ಇವರೆಲ್ಲ ಮರಾಠಿ ಮಂದಿ ಅದಾರ.”

“ಅವರ ಹತ್ತಿರ ಪ್ರಮಾಣಪತ್ರ ಇದೆ,” ಎಂದರು ಸಾಹೇಬರು. “ನಿಮ್ಮ ಹತ್ತಿರ?”

ಬಸವಂತನ ಹತ್ತಿರ ಇರಲಿಲ್ಲ. ಅಂಥದೊಂದು ಬೇಕಾಗುತ್ತದೆಂದು ಅವನಿಗೆ ತೋಚಿಯೇ ಇರಲಿಲ್ಲ. ಈಗ ಕೊಡಲು ನನಗೂ ಬರುವಂತಿರಲಿಲ್ಲ. ತೊಂಬತ್ತಾರರ ಆಸುಪಾಸಿನಲ್ಲಿ ಇಲ್ಲದವನಿಗೆ ಕನ್ನಡಿಗನೆಂಬ ಪ್ರಮಾಣಪತ್ರ ಕೊಡಕೂಡದೆಂದು ಅಷ್ಟರಲ್ಲಿ ನಿಯಮವಾಗಿತ್ತು.

ಆಗ ಸಾಹೇಬರು, ಬಸವಂತ ಕನ್ನಡಿಗನಲ್ಲವೆಂದಾದ ಪಕ್ಷದಲ್ಲಿ ಹುದ್ದೆ ಖಾಲಿ ಬಿಡುವಂತಿಲ್ಲವಾದ್ದರಿಂದ, ಕನ್ನಡ ಸಂಸ್ಕೃತಿಯ ಪ್ರಮಾಣಕ್ಕೆ ಅತ್ಯಂತ ಹತ್ತಿರವಿರುವವರನ್ನೇ ಗುಲ್ಬರ್ಗಾಕ್ಕೆ ವರ್ಗ ಮಾಡಬೇಕಾಗುತ್ತದೆ ಎಂದು ಅಂಕಿಗಳ ಮೇಲೆ ಬೆರಳಾಡಿಸಿದರು. ಕೆಲವು ದಿನ ಕೈತಪ್ಪಿ ‘ಆಗಾಗ’ ಎಂದು ಗುರುತು ಹಾಕಿ, ತೊಂಬತ್ತಾರಕ್ಕೆ ಸರಿಯಾಗಿ ತೊಂಬತ್ತಾರೇ ಇದ್ದವರು ಸಾಲ್ಪೇಕರ್.

ಕೂಲರಿನ ಎದುರು ಕೂತಿದ್ದರೂ ಸಾಲ್ಪೇಕರ್ ಬೆವತುಹೋದರು. ಅವರಿಗೆ ನಾಗಪುರದ ಧಂತೋಲಿಯಲ್ಲಿ ಸ್ವಂತ ಮನೆಯಿತ್ತು, ಮನೆಯಲ್ಲಿ ಅತ್ತೆಯಿದ್ದರು, ಅತ್ತೆಯ ಹೆಸರಿನಲ್ಲಿ ಮನೆಯಿತ್ತು. ತಟ್ಟನೆ ಎದ್ದು ನಿಂತು, ಒಬ್ಬ ಬಡಪಾಯಿ ಯುವಕನ ವಿಷಯದಲ್ಲಿ ಇಷ್ಟು ಆತುರ ಸಲ್ಲದು, ಮಾನವೀಯತೆಯ ದೃಷ್ಟಿಯಿಂದ ಮರುಪರೀಕ್ಷೆಗೆ ಅವಕಾಶ ಕೊಡಬೇಕು, ತಯಾರಿ ಬೇಕಾದರೆ ತಾವೇ ಮಾಡಿಸುತ್ತೇವೆ ಎಂದು ವಿನಂತಿಸಿಕೊಂಡರು. ಅವರ ಹೃದಯವಂತಿಕೆಯನ್ನು ಸಾಹೇಬರು ಮೆಚ್ಚಿ ಒಂದು ವಾರದ ಸಮಯ ಕೊಟ್ಟರು.

ಹೀಗೆ ಗುಲ್ಬರ್ಗಾದ ಬಸವಂತನಿಗೆ ನಾಗಪುರದ ಸಾಲ್ಪೇಕರ್ ಕನ್ನಡಿಗನಾಗುವುದನ್ನು ಕಲಿಸತೊಡಗಿದರು. ಅವರು ಮೈಮುರಿದು ಕೆಲಸ ಮಾಡಿದ್ದನ್ನು ನಾನು ಕಂಡದ್ದು ಆ ವಾರ ಮಾತ್ರ. “ಹೆದರೋದೇನು ಮಹಾ ಕಷ್ಟವಲ್ಲ ಬಸವಂತರಾವ್. ಮೊದಲು ನಿನ್ನದಲ್ಲದ ಕುರ್ಚಿ ಮೇಲೆ ಕೂತ್ಕೋ, ಉಳಿದದ್ದು ತಾನಾಗಿ ಬರ್ತದೆ,” ಎಂದು, ವೈರಾಗಡೆ ಸಾಹೇಬರು ಊಟಕ್ಕೆ ಹೋದಾಗ ಅವನನ್ನು ಅವರ ಕುರ್ಚಿಯಲ್ಲೇ ಕೂರಿಸಿದರು. ಬಸವಂತ ಕೂತ. ಎದುರಿಗಿದ್ದ ಅಂಕಿಪಟ್ಟಿಯ ಮೇಲೆ ಕಣ್ಣಾಡಿಸಿದ. ಕೂಡಿದ್ದು ತಪ್ಪಾಗಿದೆಯೆಂದು ಪೆನ್ನು ತೆಗೆದು ತಿದ್ದಿ ಕೆಳಗೆ ತನ್ನ ಹೆಸರು ಬರೆದ. ಸಾಲ್ಪೇಕರ್ ಬಾಗಿಲಲ್ಲಿ ನಿಂತು ಇಬ್ಬರ ಪಾಲಿನ ಹೆದರಿಕೆಯನ್ನೂ ತಾವೇ ಹೆದರಿದರು.

ಕಡೆಗೆ ನನ್ನ ಕೈಹಿಡಿದು, “ನೀವೇ ಅವನ ಮನೆಗೆ ಹೋಗಿ ಬುದ್ಧಿ ಹೇಳಿ ರಾವ್ ಸಾಹೇಬ್, ನನ್ನಿಂದಾಗದು,” ಎಂದರು. ಆಮೇಲೆ ಗುಲ್ಬರ್ಗಾದಲ್ಲಿ ಮಳೆ ಯಾವಾಗ ಶುರುವಾಗುತ್ತದೆಂದು ಕೇಳಿದರು.

ಬಸವಂತನ ಬಾಡಿಗೆ ಕೋಣೆ ಸದರಿನ ಹಿಂದಿನ ಗಲ್ಲಿಯಲ್ಲಿತ್ತು. ಕಾಶಿಬಾಯಿ ಬಹಳ ಆದರದಿಂದ ಬರಮಾಡಿಕೊಂಡು ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ತಟ್ಟೆ ಲೋಟಗಳನ್ನು ಗೋಣಿಚೀಲದಿಂದ ಹೊರಕ್ಕೆ ತೆಗೆಯಬೇಕಾಗಿ ಬಂದದ್ದರಿಂದ ಸ್ವಲ್ಪ ತಡವಾಯಿತು. ನಾನು ವಿಷಯ ಎತ್ತಿದೆ. ಪ್ರಶ್ನೆಗಳಿಗೆಲ್ಲ ‘ಯಾವಾಗಲೂ’ ಎಂದು ಗುರುತು ಹಾಕಿದರೆ ಸಾಕು, ಗುಲ್ಬರ್ಗಾ ಕೈಗೆ ಬಂದಂತೆ.

“ನನ್ನ ಕೆಲಸ ನಾ ಬರೋಬರ್ ಮಾಡ್ತೀನ್ರಿ,” ಎಂದ ಬಸವಂತ. “ನಾ ಯಾರಿಗಿ ಯಾಕ ಅಂಜಲಿ? ಅಂಜಿಕಿ ಇಲ್ಲದ್ದು ಅದ ಅಂತ ಬರದ್ರ ಸುಳ್ಳ ಆಗ್ತದ.”

ಕಾಶಿಬಾಯಿ ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕುತ್ತ ಗಂಡನನ್ನು ಕೇಳಿದರು. “ಸುಳ್ಳ ಹ್ಯಾಂಗ ಆಗ್ತದ್ರಿ? ‘ನಾ ನಕಲಿ ಅದೀನಿ, ಯಾರರ ಹಿಡೀತಾರಂತ ಅಂಜಿಕಿ ಅದ’ ಅಂತ ಬರೀರಿ. ಇಲ್ಲದ್ದು ಬರದೀವಿ, ಸಾಹೇಬ್ರಿಗಿ ಗೊತ್ತಾದ್ರ ಹ್ಯಾಂಗ ಅಂತ ನಿಮಗ ಆವಾಗ ಅಂಜಿಕಿ ಬರ್ತದೋ ಇಲ್ಲೋ?”

ಬಸವಂತ ಯೋಚಿಸಿದ. “ಬರ್ತದ.”

“ಮತ್ತ ಬರದದ್ದು ಖರೇನೇ ಆಯ್ತಲ್ಲ.”

ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರ ಓದಿದ್ದೇನೆ. ರೊಟ್ಟಿ ಮುಗಿಯುವತನಕ ಹುಡುಕಿದರೂ ಇದರಲ್ಲಿ ಎಳೆಯಷ್ಟೂ ದೋಷ ಸಿಗಲಿಲ್ಲ. ಬಸವಂತನಿಗೂ ಸಿಗಲಿಲ್ಲ. ಆದರೂ ಒಪ್ಪಲಿಲ್ಲ.

“ಎಲ್ಲಾರ ಗಂಡಂದಿರು ಸಂಜಿಗಿ ಮನಿಗಿ ಬರ್ತಾರ,” ಎಂದರು ಕಾಶಿಬಾಯಿ. ದನಿ ಏರಿಸಲಿಲ್ಲ. “ನಾ ಒಬ್ಬಾಕಿ ಮೇ ತಿಂಗಳ ದಾರಿ ಕಾಯ್ತೀನಿ. ನಿಮ್ಮ ಖರೇ ಮಾತು ನನ್ನ ಜೋಡಿ ಊಟಕ್ಕ ಕೂಡ್ತದೇನ್ರಿ?”

ಆ ಮನೆಯಲ್ಲಿ ಒಂದು ನಿಮಿಷ ನಾನು ತಜ್ಞನಾಗಿರಲಿಲ್ಲ. ಬಸವಂತ ಎದ್ದು ಕೈ ತೊಳೆದುಕೊಂಡು ಬಂದು, ಹೆಂಡತಿಯ ಮುಖ ನೋಡದೆ, “ಪೆನ್ನಿಗಿ ಶಾಯಿ ತುಂಬು,” ಎಂದ.

ಮರುಪರೀಕ್ಷೆಯ ದಿನ ಅವನನ್ನು ನಿಯಮದಂತೆ ಬೆಂಗಳೂರಿನ ಉಷ್ಣಾಂಶದಲ್ಲಿ ಕೂರಿಸಿದರು. ಮೊದಲ ‘ಯಾವಾಗಲೂ’ ಬರೆಯುವಾಗ ಕಾಗದವನ್ನು ತೋಳಿನಿಂದ ಮುಚ್ಚಿಕೊಂಡ. ಎರಡನೆಯದಕ್ಕೆ ಅಂಗಿ ಬೆನ್ನಿಗಂಟಿತು. ಬಾಗಿಲ ಕಡೆ ಯಾರೋ ಬಂದರೆಂದು ತಿರುತಿರುಗಿ ನೋಡುತ್ತಿದ್ದ. ಎದುರು ಕೂತ ಸಾಲ್ಪೇಕರ್ ಮಗನನ್ನು ಎಸ್ಸೆಸ್ಸೆಲ್ಸಿಗೆ ಕೂರಿಸಿದ ತಂದೆಯ ಹಾಗೆ ಕೈ ಹಿಸುಕಿಕೊಳ್ಳುತ್ತಿದ್ದರು. ಕಾಗದವನ್ನು ಒಪ್ಪಿಸುವಾಗ ಬಸವಂತನಿಂದ ತಡೆಯಲಾಗಲಿಲ್ಲ.

“ಸಾಹೇಬ್ರ, ಇದರಾಗ ಬರದದ್ದು ಎಲ್ಲಾ ನಕಲಿ ಅದರಿ. ನಾನೇ ನಕಲಿ ಅದೀನಂತ ಅನಸ್ಲಕತ್ತದ.”

ಸಾಹೇಬರು ಕನ್ನಡಕ ತೆಗೆದು ಅವನನ್ನು ಆಪ್ಯಾಯಮಾನವಾಗಿ ನೋಡಿದರು. ಅದನ್ನೂ ಬರೆದುಕೊಳ್ಳಿ ಎಂದು ನನಗೆ ಹೇಳಿದರು. ತಾನು ನಕಲಿ ಕನ್ನಡಿಗ ಎಂದು ಅನ್ನಿಸುವುದೇ ಅಸಲಿ ಕನ್ನಡಿಗನ ಲಕ್ಷಣವೆಂದು ಸಂಸ್ಥೆಯ ಸಂಶೋಧನೆಯಿಂದ ಸ್ಥಿರಪಟ್ಟಿತ್ತಲ್ಲ. ಹಾಗೆ ಅವನಿಗೆ ನೂರಕ್ಕೆ ನೂರು ಬಂತು. ಕನ್ನಡ ಕೊಠಡಿಯ ಕನ್ನಡಿಗರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿ, “ನಮಸ್ಕಾರ, ಊಟ ಆಯ್ತಾ” ಎಂದು ಅವನನ್ನು ತಮ್ಮವನೆಂದು ಒಪ್ಪಿಕೊಂಡರು. ಚಂದಾ ಕಟ್ಟಿಸಿಕೊಂಡು ನಾನೂ ಪ್ರಮಾಣಪತ್ರ ಕೊಟ್ಟೆ. ಜೂನ್ ತಿಂಗಳಲ್ಲಿ ಗಂಡ ಹೆಂಡತಿ ಗುಲ್ಬರ್ಗಾದ ಗಾಡಿ ಹತ್ತಿದರು. ಸ್ಟೇಷನ್ನಿನಲ್ಲಿ ಸಾಲ್ಪೇಕರ್ ಕಣ್ಣೊರೆಸಿಕೊಂಡರು. ಅದು ನಿಜವಾದ ಕಣ್ಣೀರೇ.

ಮುಂದಿನ ವರ್ಷ ಗುಲ್ಬರ್ಗಾ ಶಾಖೆಯ ತಪಾಸಣೆಗೆ ಸಂಸ್ಥೆ ನನ್ನನ್ನು ಕಳಿಸಿತು. ಶಾಖೆಯ ಕೆಲಸ ನಿಜಕ್ಕೂ ಮೆಚ್ಚುವಂತಿತ್ತು. ಬಸವಂತ ಹಗಲಿರುಳು ದುಡಿದು ಆ ಊರಿನ ಜನರ ಸೋಗುಭಾವವನ್ನು ಅಳೆದಿದ್ದ. ಯಾರಿಗೂ ಹದಿನೈದರ ಮೇಲೆ ಬಂದಿರಲಿಲ್ಲ. ಗುಲ್ಬರ್ಗಾದಲ್ಲಿ ಕನ್ನಡಿಗರೇ ಇಲ್ಲವೆಂಬ ಆಘಾತಕಾರಿ ವಿಷಯ ಹೀಗೆ ಬೆಳಕಿಗೆ ಬಂತು. ಕಡಲಾಚೆಯವರು ವಿಷಾದ ವ್ಯಕ್ತಪಡಿಸಿ, ತೊಂಬತ್ತಾರನ್ನು ಬದಲಿಸಲು ಆಗದೆಂದೂ, ಬೇಕಿದ್ದರೆ ಜನರನ್ನು ಬದಲಿಸಲು ಅನುದಾನ ಕೊಡುವುದಾಗಿಯೂ ಬರೆದರು. ಅದರಂತೆ ಸೋಗುಭಾವ ಕಲಿಸುವ ಸಂಜೆಯ ತರಗತಿಗಳು ಆರಂಭವಾದವು. ಪ್ರಮಾಣಪತ್ರವಿಲ್ಲದ ಕನ್ನಡ ಶಿಕ್ಷಕರಿಗೆ ಇನ್‌ಕ್ರಿಮೆಂಟು ಸಿಗುವುದಿಲ್ಲವೆಂದು ಆದೇಶವಾದ ಮೇಲೆ ಹಾಜರಿ ತಾನೇ ಏರಿತು. ತಹಸೀಲು ಕಚೇರಿಯವರೂ ಬಂದರು, ಅಂಗಡಿಯವರೂ ಬಂದರು. ಯಾರೂ ತಕರಾರು ತೆಗೆಯಲಿಲ್ಲ. ಇಷ್ಟು ದಿನ ತಾವು ಯಾರೆಂದು ಕೇಳಿದವರೇ ಇರಲಿಲ್ಲ, ಈಗ ಸರ್ಕಾರದ ಕಡೆಯಿಂದ ಕೇಳಿ ಬರೆದುಕೊಳ್ಳುತ್ತಾರೆ ಎಂಬುದೇ ಅವರಿಗೆ ಸಮಾಧಾನ ತಂದಂತಿತ್ತು.

ಬಸವಂತ ನನ್ನನ್ನು ಮನೆಗೆ ಊಟಕ್ಕೆ ಕರೆದ. ಈಗ ಅವನು ಮಾತಿಗೆ ಮೊದಲು ಸ್ವಲ್ಪ ತಡೆದು, ಬಾಗಿಲ ಕಡೆ ಒಮ್ಮೆ ನೋಡಿ ಮಾತಾಡುತ್ತಿದ್ದ. ಅಧಿಕಾರಿಗೆ ಒಪ್ಪುವ ನಡವಳಿಕೆ. ರಾಜ್ಯೋತ್ಸವದ ನನ್ನ ಭಾಷಣವನ್ನು ತಾನಾಗಿಯೇ ನೆನೆದು ಬಹಳ ಹೊಗಳಿದ. ಊಟದ ನಂತರ ಕಾಶಿಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಗಂಡನ ಹತ್ತಿರ ನಿಂತರು.

“ನಂದು ಎಷ್ಟ ಬಂತ್ರಿ?”

ಬಸವಂತ ಕಾಗದ ನೋಡಿದ. “ಒಂಬತ್ತು.”

“ಹಂಗಂದ್ರ?”

“ಹಂಗಂದ್ರ ನೀ ಕನ್ನಡದಾಕಿ ಅಲ್ಲ.”

ಕಾಶಿಬಾಯಿ ನನ್ನ ಕಡೆ ನೋಡಿದರು. ತಜ್ಞನಾಗಿ ನಾನು ತಲೆಯಾಡಿಸಿದೆ.

“ನನಗ್ಯಾಕ್ರಿ ಅಂಜಿಕಿ ಇರಬೇಕು?” ಎಂದರು ಆಕೆ. “ದಿನಾ ಸಾಲಿಗಿ ಹೋಗ್ತೀನಿ. ಹುಡುಗರಿಗಿ ಕನ್ನಡ ಕಲಸ್ತೀನಿ, ಬರೋಬರ್ ಕಲಸ್ತೀನಿ. ನನ್ನ ಯಾರು ಏನಂತ ಹಿಡೀತಾರ?”

ಬಸವಂತ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಮೆಲ್ಲಗೆ ಹೇಳಿದ. “ನಾನೂ ಮೊದಲ ಹಿಂಗೇ ಅಂತಿದ್ದೆ ಕಾಶಿ. ನಾಳಿಂದ ಕ್ಲಾಸಿಗಿ ಬಾ. ಕಲೀತಿ.”

ಆಕೆ ನಮ್ಮ ತಟ್ಟೆಗಳನ್ನು ಎತ್ತಿ ಒಳಗಿಟ್ಟು ಬಂದರು.

“ಎಷ್ಟ ಗಂಟಿಗ್ರಿ?”

“ಆರಕ್ಕ. ಜಲ್ದಿ ಬಾ. ಮುಂದಿನ ಸಾಲು ಸಿಗಂಗಿಲ್ಲ.”